ಮುನ್ನೂರು ಗ್ರಾಂ ರೊಟ್ಟಿ

ಕರಾಟೆ ಮಾಸ್ತರರು ಕೈಯಿಂದ ಹೆಂಚು ಒಡೆಯುವುದನ್ನು ನಾನು ಹಾವೇರಿಯಲ್ಲಿ ನೋಡಿದೆ. ಐದು ಹೆಂಚುಗಳನ್ನು ಒಂದರ ಮೇಲೊಂದು ಇಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ‘ಹಾ’ ಎಂದು ಒದರಿ ಒಡೆದರು. ಸೇರಿದ್ದ ತಂದೆ-ತಾಯಿಗಳೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಹೆಂಚು ಒಡೆಯುವುದಕ್ಕೆ ಮಾಸ್ತರರೇ ಬೇಕಾಗಿಲ್ಲ, ನಮ್ಮ ಮನೆಯ ಮೇಲೆ ಮಂಗ ಬಂದರೆ ಸಾಕು. ಅದು ಒದರುವುದೂ ಇಲ್ಲ.

ಮೊಮ್ಮಕ್ಕಳೇ, ಅಂದು ನಿಮ್ಮಲ್ಲಿ ದೊಡ್ಡವಳಿಗೆ ಹಸಿರು ಬೆಲ್ಟ್ ಕೊಡುವ ದಿನ. ಸಣ್ಣವರಾದ ನೀವಿಬ್ಬರೂ ಬಂದಿದ್ದಿರಿ, ಐಸ್‌ಕ್ರೀಮ್ ತಿಂದದ್ದು ಬಿಟ್ಟು ನಿಮಗೆ ಬೇರೇನೂ ನೆನಪಿರಲಿಕ್ಕಿಲ್ಲ. ಹೆಂಚು ಒಡೆದಾದ ಮೇಲೆ ಮಾಸ್ತರರು ಮೈಕು ಹಿಡಿದು, ಹೆಣ್ಣುಮಕ್ಕಳು ಚೀಲದಲ್ಲಿ ಯಾವಾಗಲೂ ಖಾರದ ಪುಡಿ ಇಟ್ಟುಕೊಳ್ಳಬೇಕು, ಯಾರಾದರೂ ಮೈಮೇಲೆ ಬಂದರೆ ಎರಚಬೇಕು ಎಂದರು. ‘ಬ್ಯಾಡಗಿಯವರಿಗಂತೂ ಚಿಂತಿನ ಇಲ್ಲ’ ಎಂದು ನಗೆಚಾಟಿಕೆಯನ್ನೂ ಮಾಡಿದರು. ವರ್ಷಗಟ್ಟಲೆ ಬ್ಯಾಡಗಿಗೆ ಬಂದು ಕಲಿಸುವವರಿಗೆ ನಮ್ಮ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ಗೊತ್ತಿಲ್ಲ. ನಮ್ಮ ಪುಡಿ ಎರಚಿದರೆ ಕಳ್ಳನ ಅಂಗಿ ಕೆಂಪಾಗುತ್ತದೆ, ಅವನು ಕಣ್ಣೊರೆಸಿಕೊಂಡು ಮತ್ತೆ ಬರುತ್ತಾನೆ. ಆದರೆ ಅವರ ಕ್ಲಾಸಿನಲ್ಲಿ ಎಲ್ಲವೂ ಬಣ್ಣದ ಮೇಲೆಯೇ ನಡೆಯುತ್ತಿತ್ತು. ಬಿಳಿ, ಹಳದಿ, ಕಿತ್ತಳೆ, ಹಸಿರು. ಸೊಂಟದ ಬಣ್ಣ ಬದಲಾಗುತ್ತಿತ್ತು, ಸೊಂಟ ಹಾಗೇ ಇರುತ್ತಿತ್ತು.

ರಾಣೆಬೆನ್ನೂರಿನ ಕರಾಟೆ ಆಟದಲ್ಲಿ ನಡೆದದ್ದನ್ನು ನಿಮ್ಮಪ್ಪ ಒಂದು ರೀತಿ ಹೇಳುತ್ತಾನೆ, ಮಾಸ್ತರರು ಇನ್ನೊಂದು ರೀತಿ. ಇಬ್ಬರ ಕಥೆಯಲ್ಲೂ ನಾನಿಲ್ಲ. ಅದರಲ್ಲಿ ಅವರ ತಪ್ಪೇನಿಲ್ಲ. ನಾಲ್ಕು ಮಂದಿಯ ನಡುವೆ ನಾನು ಇದ್ದರೂ ಇಲ್ಲದ ಹಾಗೆಯೇ ಇರುವವಳು. ಮಾತಾಡಲು ನಿಂತರೆ ನಾಲಿಗೆ ಒಣಗುತ್ತದೆ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡವಳು ಒಂಬತ್ತನೆಯ ತರಗತಿಗೆ ಬಂದಿದ್ದಳು. ಕರಾಟೆ ಎಂದರೆ ಅವಳಿಗೆ ಜೀವ. ಬೆಳಿಗ್ಗೆ ಎಬ್ಬಿಸದೆಯೇ ಏಳುತ್ತಿದ್ದದ್ದು ಅದೊಂದಕ್ಕೆ. ಮಾಸ್ತರರು ವಾರಕ್ಕೆ ಮೂರು ದಿನ ಹಾವೇರಿಯಿಂದ ಮೋಟಾರ್ ಸೈಕಲ್ಲಿನ ಮೇಲೆ ಬಂದು, ಶಾಲೆಯ ಬಯಲಿನಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಗಾಳಿಗೆ ಗುದ್ದಿಸುತ್ತಿದ್ದರು. ಒಂದು ಎಂದರೆ ಗುದ್ದು, ಎರಡು ಎಂದರೆ ಒದೆ. ಗಾಳಿ ಯಾರಿಗೂ ತಿರುಗಿ ಹೊಡೆಯಲಿಲ್ಲ. ಬಲ ಬರಲೆಂದು ಒಂದು ಲಾರಿ ಟೈರು ತರಿಸಿ ಅದನ್ನು ಸುತ್ತಿಗೆಯಿಂದ ಹೊಡೆಸಿದರು. ಟೈರಿಗೆ ಏನೂ ಆಗಲಿಲ್ಲ, ದೊಡ್ಡವಳ ಮುಂಗೈ ಬಾತುಕೊಂಡಿತು. ‘ನೋವು ಬಂದ್ರನ ಬಲ ಬರತೈತಿ’ ಎಂದರಂತೆ. ಹಾಗಿದ್ದರೆ ಹಲ್ಲುನೋವು ಬಂದವರೆಲ್ಲ ಪೈಲ್ವಾನರಾಗಬೇಕಿತ್ತು.

ಹೀಗೆ ಗಾಳಿಗೆ ಗುದ್ದಿ ಗುದ್ದಿ ಒಂದು ದಿನ ಎದುರುಬದುರು ನಿಲ್ಲಿಸಿ ಆಡಿಸಿದರು. ಮೊದಲನೆಯ ಗುದ್ದು ಬರುತ್ತಿದ್ದಂತೆ ದೊಡ್ಡವಳು ಕಣ್ಣು ಮುಚ್ಚಿದಳು. ಮೂಗಿನಿಂದ ರಕ್ತ ಸುರಿಸಿಕೊಂಡು ಮನೆಗೆ ಬಂದಳು. ಎರಡನೆಯ ಸಲವೂ ಹಾಗೇ ಆಯಿತು. ಮಾಸ್ತರರು, ‘ಈ ಹುಡುಗಿಗೆ ಧೈರ್ಯ ಇಲ್ರಿ’ ಎಂದು ಹೇಳಿ ಕಳಿಸಿದರು. ನಿಮ್ಮಪ್ಪ ಅಂಗಳದಲ್ಲೇ ತೀರ್ಪು ಕೊಟ್ಟ:

“ರಾಣೆಬೆನ್ನೂರಿನ ಆಟಾನ ಕಡೀದು ನೋಡು. ಅಲ್ಲೂ ರಗತ ಸುರಿಸ್ಕೊಂಡ್ ಬಂದ್ಯಂದ್ರ ಈ ಬಿಳೀ ಅಂಗಿ ಅಟ್ಟಾ ಸೇರತೈತಿ. ಮುಂದ ಕರಾಟೆ ಅನ್ನೂ ಮಾತು ಈ ಮನ್ಯಾಗ ಬರಬಾರದು.”

ಅವಳು ಅಂಗಿಯ ಮೇಲಿನ ರಕ್ತ ತೊಳೆಯುತ್ತ ಕುಳಿತಳು. ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ರಕ್ತದ ಕಲೆಗೆ ತಣ್ಣೀರು ಬೇಕು ಎಂದು ನಾನು ಬಕೆಟ್ಟು ಬದಲಿಸಿದೆ. ಅದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ. ನಿಮ್ಮಜ್ಜನ ಲಂಗೋಟಿ, ಪಂಚೆಗಳನ್ನು ಹಾಗೆ ಎಷ್ಟು ವರ್ಷ ತೊಳೆದಿದ್ದೆನೋ.

ನಿಮ್ಮಜ್ಜ ಹಗಲು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ, ಬೆಳಗು ಬೈಗು ಗರಡಿ ಮನೆಯ ಪೈಲ್ವಾನ. ಗರಡಿಯವರನ್ನು ನಾನು ಹೊಗಳುತ್ತೇನೆ ಎಂದುಕೊಳ್ಳಬೇಡಿ. ಅವರೂ ಕಡಿಮೆ ಇರಲಿಲ್ಲ. ಬಾದಾಮಿ ಅರೆದವರು ನಾವು, ಕುಡಿದವರು ಅವರು. ಕುಸ್ತಿಯ ಕೆಮ್ಮಣ್ಣಿಗೆ ಕಲಸಲು ಮಜ್ಜಿಗೆ, ಅರಿಶಿಣ, ಎಣ್ಣೆ ನಮ್ಮ ಅಡುಗೆಮನೆಯಿಂದ ಹೋಗುತ್ತಿತ್ತು. ಆ ಮಣ್ಣನ್ನು ತುಳಿಯಬಾರದವರೂ ನಾವೇ. ಹೆಂಗಸರ ನೆರಳು ಬಿದ್ದರೆ ಬಲ ಇಳಿಯುತ್ತದಂತೆ. ನಮ್ಮ ಮಜ್ಜಿಗೆ ಬಿದ್ದರೆ ಮಾತ್ರ ಇಳಿಯುವುದಿಲ್ಲ. ಮಜ್ಜಿಗೆಯ ಗಡಿಗೆ ಕೊಡಲು ಹೋದಾಗ ನಾನು ಗೋಡೆಯ ಕಿಂಡಿಯಿಂದ ನೋಡುತ್ತಿದ್ದೆ. ಹಾಗೆ ಕದ್ದು ನೋಡಿ ಕಲಿತದ್ದು ಎಷ್ಟೋ. ಉಳಿದದ್ದನ್ನು ನಿಮ್ಮಜ್ಜ ಊಟ ಮಾಡುವಾಗ ಹೇಳುತ್ತಿದ್ದರು. ಕುಸ್ತಿ ಬಿಟ್ಟು ಅವರಿಗೆ ಬೇರೆ ಮಾತು ಗೊತ್ತಿದ್ದರೆ ತಾನೆ?

“ಎದುರಿನಾಂವನ ಕೈ ನೋಡಬಾರದು” ಎನ್ನುತ್ತಿದ್ದರು. “ಕೈ ಸುಳ್ಳ ಹೇಳತೈತಿ. ಕಣ್ಣೂ ಸುಳ್ಳ ಹೇಳತೈತಿ. ಸೊಂಟ ಸುಳ್ಳ ಹೇಳೂದಿಲ್ಲ. ಅದು ತಿರುಗಿದ ಕಡೇನ ಆಳು ಬರತಾನ.”

ದೊಡ್ಡವಳಿಗೆ ಧೈರ್ಯ ಕಡಿಮೆ ಇರಲಿಲ್ಲ. ಕಣ್ಣಿಗೆ ಅಭ್ಯಾಸ ಇರಲಿಲ್ಲ, ಅಷ್ಟೆ. ಮುಖದ ಕಡೆ ಏನಾದರೂ ಬಂದರೆ ರೆಪ್ಪೆ ತಾನಾಗಿಯೇ ಮುಚ್ಚುತ್ತದೆ. ಅದಕ್ಕೆ ಪಾಠ ಬೇಕು, ಬೈಗುಳ ಅಲ್ಲ.

ಆಗ ನಾನು ಮನೆಗೆ ಮೆಣಸಿನಕಾಯಿ ತರಿಸಿಕೊಂಡು ತೊಟ್ಟು ಬಿಡಿಸುತ್ತಿದ್ದೆ. ನಮ್ಮೂರಿನ ಅರ್ಧ ಹೆಂಗಸರು ಮಾಡುವ ಕೆಲಸವೇ ಅದು. ಸಂಜೆ ಹಿತ್ತಲಲ್ಲಿ ಕುಳಿತರೆ ಒಂದು ಕಡೆ ಕಾಯಿಯ ರಾಶಿ, ಇನ್ನೊಂದು ಕಡೆ ಮುರಿದ ತೊಟ್ಟಿನ ರಾಶಿ. ಅವಳನ್ನು ಒಂದು ಮಾರು ದೂರ ನಿಲ್ಲಿಸಿ, ಒಂದು ತೊಟ್ಟು ತೆಗೆದು ಹಣೆಗೆ ಎಸೆದೆ. ಕಣ್ಣು ಮುಚ್ಚಿದಳು.

“ಆಯೀ, ಏನ್ ಮಾಡಾಕತ್ತೀ?”

“ಕಣ್ ಮುಚ್ಚಬ್ಯಾಡ. ತೊಟ್ಟಿನ್ಯಾಗ ಖಾರ ಇಲ್ಲ, ತೂಕ ಇಲ್ಲ. ಅದಕ್ಕ ಹೆದರತೀಯಲ್ಲ, ನಾಚಿಕಿ ಬರಾಂಗಿಲ್ಲ?”

“ಹೆದರಿಲ್ಲ. ಅದು ತಾನ ಮುಚ್ಚತೈತಿ.”

“ಹಂಗಾರ ಅದಕ್ಕ ಹೇಳು, ಮನ್ಯಾಗ ಯಜಮಾನತಿ ಯಾರಂತ.”

ನಕ್ಕಳು. ನಗುವಾಗ ಇನ್ನೊಂದು ಎಸೆದೆ. ಮೊದಲ ವಾರ ನೂರಕ್ಕೆ ನೂರು ಸಲ ಮುಚ್ಚಿದಳು. ಆಮೇಲೆ ಬರೀ ರೆಪ್ಪೆ ಅದುರುತ್ತಿತ್ತು. ತಿಂಗಳಾಗುವಷ್ಟರಲ್ಲಿ ತೊಟ್ಟು ಹುಬ್ಬಿಗೆ ತಾಕಿ ಬಿದ್ದರೂ ಗೊಂಬೆಯ ಹಾಗೆ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ನಾನು ಎಸೆಯುವ ಮೊದಲೇ ತಲೆ ಪಕ್ಕಕ್ಕೆ ಸರಿಸತೊಡಗಿದಳು. ‘ಹೆಂಗ ಗೊತ್ತಾತು?’ ಎಂದೆ. ‘ಎಸಿಯೂಕಿಂತ ಮೊದಲ ನಿನ್ನ ಹೆಗಲು ಏಳತೈತಿ ಆಯೀ’ ಎಂದಳು. ನಿಮ್ಮಜ್ಜನ ಮಾತನ್ನು ನಾನು ಆ ಹೊತ್ತಿನವರೆಗೂ ಅವಳಿಗೆ ಹೇಳಿರಲಿಲ್ಲ.

ಬಲಕ್ಕೆ ಟೈರು ಬೇಕಾಗಲಿಲ್ಲ. ಓಣಿಯ ನಳದಿಂದ ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು, ಬೆನ್ನು ನೆಟ್ಟಗಿಟ್ಟು, ನೀರು ತುಳುಕಿಸದೆ ತಂದರೆ ಸಾಕು. ಬಸ್ಕಿ ಹೊಡೆಯುವಾಗ ಇಳಿಯುತ್ತ ಉಸಿರು ಒಳಗೆ, ಏಳುತ್ತ ಹೊರಗೆ. ಹಿಮ್ಮಡಿ ನೆಲ ಬಿಡಬಾರದು. ಆಟದಲ್ಲಿ ಹಿಂದೆ ಸರಿಯುವುದಾದರೆ ಅರ್ಧ ಹೆಜ್ಜೆ ಮಾತ್ರ. ಪೂರಾ ಸರಿದವರು ಓಡಿಹೋದವರು, ಅರ್ಧ ಸರಿದವರು ತಿರುಗಿ ಹೋಗುತ್ತಾರೆ. ನನ್ನ ಜೊತೆ ಕುಳಿತು ತೊಟ್ಟೂ ಮುರಿದಳು. ಆ ಕೆಲಸ ಮಾಡಿದ ಬೆರಳಿನ ಹಿಡಿತ ಎಂಥದೆಂದು ನೋಡಬೇಕಾದರೆ ನನ್ನ ಕೈಯಿಂದ ನಿಮ್ಮ ಕಿವಿ ಬಿಡಿಸಿಕೊಳ್ಳಿ.

ರಾಣೆಬೆನ್ನೂರಿನ ಆಟಕ್ಕೆ ಒಂದು ವಾರ ಇರುವಾಗ ಮಾಸ್ತರರಿಗೆ ಹೊಸ ಬುದ್ಧಿ ಹೊಳೆಯಿತು. ದೊಡ್ಡವಳ ತೂಕ ನಲವತ್ತೆಂಟು ಕಿಲೋ. ನಲವತ್ತೇಳರ ಒಳಗೆ ಬಂದರೆ ತನಗಿಂತ ಸಣ್ಣ ಹುಡುಗಿಯರ ಜೊತೆ ಆಡಬಹುದು, ಗೆಲ್ಲುವುದು ಸುಲಭ. ಅದಕ್ಕೆ ರೊಟ್ಟಿ ಬಂದ್, ಅನ್ನ ಬಂದ್, ಕಡೆಯ ದಿನ ನೀರೂ ಬಂದ್. ಬಿಸಿಲಿನಲ್ಲಿ ಸ್ವೆಟರ್ ಹಾಕಿಸಿ ಓಡಿಸಿದರು. ನಮ್ಮ ಮಾರುಕಟ್ಟೆಯಲ್ಲಿ ತೂಕ ಹೆಚ್ಚಲೆಂದು ಚೀಲಕ್ಕೆ ನೀರು ಹೊಡೆಯುವವರನ್ನು ಎಲ್ಲರೂ ಬೈಯುತ್ತಾರೆ. ತೂಕ ಇಳಿಯಲೆಂದು ಹುಡುಗಿಯನ್ನು ಮೆಣಸಿನಕಾಯಿಯ ಹಾಗೆ ಬಿಸಿಲಿಗೆ ಹಾಕಿ ಒಣಗಿಸುವವರನ್ನು ‘ಸರ್’ ಎಂದು ಕರೆಯುತ್ತಾರೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಗರಡಿಯ ಕಾಲದಲ್ಲಿ ತಕ್ಕಡಿ ಇರಲಿಲ್ಲ. ಊರ ಹಿರಿಯರು ಇಬ್ಬರು ಪೈಲ್ವಾನರನ್ನು ಪಕ್ಕದಲ್ಲಿ ನಿಲ್ಲಿಸಿ, ರಟ್ಟೆ ಹಿಚುಕಿ, ಹೆಡಕು ಮುಟ್ಟಿ, ಇಬ್ಬರ ಕೈ ಕೂಡಿಸಿ ‘ಜೋಡಿ ಆತು’ ಎನ್ನುತ್ತಿದ್ದರು. ಪೈಲ್ವಾನನನ್ನು ಹಸಿದ ಹೊಟ್ಟೆಯಲ್ಲಿ ಕುಸ್ತಿಗೆ ಕಳಿಸಿದರೆ ಮನೆಯ ಹೆಂಗಸಿನ ಮಾನ ಹೋದಂತೆ. ತೂಗುವುದೂ ಬೆಲ್ಟಿನ ಬಣ್ಣದ ಹಾಗೆ ಒಂದು ಶೋಕಿ, ಹೆಚ್ಚಾದರೆ ಎರಡು ಮಾತು ಬೈದು ಬಿಡುತ್ತಾರೆ ಎಂದುಕೊಂಡಿದ್ದೆ. ಆಟದ ದಿನ ಬೆಳಿಗ್ಗೆ ಬಸ್ಸಿನಲ್ಲಿ ನಿಮ್ಮಪ್ಪ ಮುಂದೆ ಕುಳಿತಿದ್ದ, ನಾವಿಬ್ಬರೂ ಹಿಂದೆ. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದಾಗ ಅವಳ ತುಟಿ ನೋಡಿದೆ. ಬಿಳಿಚಿ, ಒಡೆದಿತ್ತು. ಸೆರಗಿನಡಿಯಿಂದ ಗಂಟು ಬಿಚ್ಚಿದೆ. ಜೋಳದ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ, ಬಾಟಲಿಯಲ್ಲಿ ಮಜ್ಜಿಗೆ.

“ಬ್ಯಾಡ ಆಯೀ, ತೂಕ ಹಾಕತಾರ.”

“ಹಾಕಲಿ. ನೀ ಏನ್ ಮೆಣಸಿನಕಾಯಿ ಚೀಲೇನ?”

“ಸರ್ ಬೈತಾರ.”

“ಆ ಸರ್‌ನ ಹೊಟ್ಟಿ ನೋಡೀದಿಲ್ಲೊ? ಅದನ್ನ ಯಾರ್ ತೂಗ್ಯಾರ? ಬಾಯ್ ತಗಿ.”

ಬಾಯಿ ತೆಗೆದಳು. ಒಂದು ರೊಟ್ಟಿ ಎಂದದ್ದು ಎರಡಾಯಿತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಮಜ್ಜಿಗೆಯೂ ಖಾಲಿ. ಅವಳ ಮುಖಕ್ಕೆ ಬಣ್ಣ ಬಂದದ್ದು ನೋಡಿ ನಾನು ದೊಡ್ಡ ಪುಣ್ಯ ಕಟ್ಟಿಕೊಂಡೆ ಎಂದುಕೊಂಡೆ.

ಆಟ ಒಂದು ಕಲ್ಯಾಣ ಮಂಟಪದಲ್ಲಿ. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಗೆದ್ದವರಿಗೆ ಕೊಡುವ ಕಪ್ಪುಗಳು, ಕೆಳಗೆ ನೀಲಿ ಕೆಂಪು ಚಾಪೆಗಳು. ಬಾಗಿಲ ಹತ್ತಿರವೇ ತೂಕದ ಯಂತ್ರ. ದೊಡ್ಡವಳು ಹತ್ತಿ ನಿಂತಳು. ನಲವತ್ತೇಳು ಕಿಲೋ ಮುನ್ನೂರು ಗ್ರಾಂ. ಮಾಸ್ತರರು ಅವಳನ್ನು ಇಳಿಸಿ ಮತ್ತೆ ಹತ್ತಿಸಿದರು. ಯಂತ್ರ ಮಾತು ಬದಲಿಸಲಿಲ್ಲ.

“ನಿನ್ನಿ ಸಂಜೀಕ ಬರೋಬ್ಬರಿ ಇತ್ತಲ್ಲ? ಏನ್ ತಿಂದೀ? ಖರೇ ಹೇಳು.”

“ಏನೂ ತಿಂದಿಲ್ರಿ ಸರ್.”

“ಹಂಗಾರ ಮಷೀನು ಸುಳ್ಳ ಹೇಳತೈತೇನು? ಕದ್ದು ತಿಂದು ಸುಳ್ಳ ಬೇರೆ. ಇಂಥಾ ಹುಡುಗ್ಯಾರು ನನಗ ಬ್ಯಾಡ. ನಾಳಿಂದ ಕ್ಲಾಸಿನ ಕಡೆ ತಲಿ ಹಾಕಬ್ಯಾಡ ನೀ.”

ಸುತ್ತ ಬೇರೆ ಊರಿನ ಹುಡುಗಿಯರು, ಅವರ ಮನೆಯವರು, ಫೋನು ಹಿಡಿದವರು. ನಿಮ್ಮಪ್ಪ ತಲೆ ತಗ್ಗಿಸಿ, ‘ನಡೀ ಮನೀಗೆ’ ಎಂದ. ಅವಳು ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು ನೆಲವನ್ನೇ ನೋಡುತ್ತ ನಿಂತಳು. ಹದಿನಾಲ್ಕು ವರ್ಷದ ಹುಡುಗಿ ನನ್ನ ಮಾನ ಕಾಯುತ್ತಿದ್ದಳು, ಅರವತ್ತೆಂಟರ ನಾನು ಕಂಬದ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ.

ಎಷ್ಟೋ ವರ್ಷಗಳ ಹಿಂದೆ, ಇದೇ ರಾಣೆಬೆನ್ನೂರಿನ ಕುಸ್ತಿಗೆ ಹೊರಡುವ ಹಿಂದಿನ ದಿನ ಗರಡಿಯ ವಸ್ತಾದರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಿಮ್ಮಜ್ಜನನ್ನು, ‘ಹೆಗಲು ಹೆಂಗೈತೋ?’ ಎಂದು ಕೇಳಿದ್ದರು. ವಸ್ತಾದರೆಂದರೆ ಕುಸ್ತಿ ಕಲಿಸುವ ಗುರು, ಅವರೆದುರು ಇಲ್ಲ ಎನ್ನುವವರಿಲ್ಲ. ‘ಬರೋಬ್ಬರಿ ಐತ್ರಿ’ ಎಂದರು ನಿಮ್ಮಜ್ಜ. ಅಂದು ಬೆಳಿಗ್ಗೆ ಅವರಿಗೆ ತಂಬಿಗೆ ಎತ್ತಿ ತಲೆಯ ಮೇಲೆ ನೀರು ಹಾಕಿಕೊಳ್ಳಲೂ ಆಗಿರಲಿಲ್ಲ, ನೀರು ಹಾಕಿದವಳು ನಾನು. ಆಗಲೂ ಬಾಗಿಲ ಹಿಂದೆ ಹೀಗೇ ಸೆರಗು ಕಚ್ಚಿಕೊಂಡು ನಿಂತಿದ್ದೆ. ಗಂಡಸರ ಮಾತಿನಲ್ಲಿ ಬಾಯಿ ಹಾಕಬಾರದಲ್ಲ. ಮರುದಿನ ಹೆಗಲು ಪೂರ್ತಿ ಕಿತ್ತುಹೋಯಿತು. ಆಮೇಲೆ ಅವರು ಒಂದು ಚೀಲವನ್ನೂ ಹೊರಲಿಲ್ಲ, ಕೋಲ್ಡ್ ಸ್ಟೋರೇಜಿನ ಬಾಗಿಲು ಕಾಯುತ್ತ ಮುದುಕರಾದರು. ವಸ್ತಾದರು ನೋಡಲು ಬಂದಾಗ ಅವರಿಗೆ ಚಹಾ ಮಾಡಿಕೊಟ್ಟೆ. ಅದಕ್ಕೂ ಸಕ್ಕರೆ ಸರಿಯಾಗಿ ಹಾಕಿದ್ದೆ.

ಕಂಬದ ಹಿಂದಿನಿಂದ ಬಂದೆ.

“ಸರ್, ಆಕಿ ತಾನಾಗಿ ತಿಂದಿಲ್ರಿ. ನಾ ತಿನಿಸೇನ್ರಿ. ಬ್ಯಾಡಂದ್ರೂ ಬಾಯಾಗ ಇಟ್ಟೇನ್ರಿ.”

ಮಾಸ್ತರರಿಗೆ ಕಂಬವೇ ಮಾತಾಡಿದಂತಾಯಿತು.

“ಅಜ್ಜೀ, ನಿಮಗ ತಿಳೀತದೇನ್ರಿ? ಎಂಟು ದಿನದ ಮೆಹನತ್ತು ಹಾಳ್ ಮಾಡಿದ್ರಿ.”

“ಎಂಟು ದಿನ ಹುಡುಗೀಗೆ ಉಪವಾಸ ಕೆಡವೀರಿ. ಅದಕ್ಕ ಮೆಹನತ್ತು ಅಂತಾರೇನ್ರಿ? ತಪ್ಪು ನಂದು, ನನಗ ಬೈರಿ. ಆಕೀಗೆ ಸುಳ್ಳಿ ಅನಬ್ಯಾಡ್ರಿ.”

ಇಷ್ಟು ಹೇಳುವಷ್ಟರಲ್ಲಿ ನನ್ನ ಕುಪ್ಪಸ ಬೆವರಿನಲ್ಲಿ ತೊಯ್ದಿತ್ತು. ತೂಕ ಬರೆದುಕೊಳ್ಳುತ್ತಿದ್ದವರು ಮಾತ್ರ ತಲೆ ಎತ್ತದೆಯೇ, ‘ಮ್ಯಾಲಿನ ಗುಂಪಿನ್ಯಾಗ ಒಂದು ಜಾಗಾ ಐತ್ರಿ. ಆಡಸ್ತೀರೋ, ಹೆಸರು ಹೊಡೀಲೋ?’ ಎಂದರು. ಮೇಲಿನ ಗುಂಪಿನಲ್ಲಿ ಐವತ್ನಾಲ್ಕು ಕಿಲೋದವರೆಗಿನ ಹುಡುಗಿಯರು. ಮಾಸ್ತರರು, ‘ಹೊಡೀರಿ’ ಎಂದರು. ನಿಮ್ಮಪ್ಪನೂ ಬೇಡ ಎಂದು ತಲೆಯಾಡಿಸಿದ. ದೊಡ್ಡವಳು ಈಗ ನನ್ನ ಕಡೆ ನೋಡಿದಳು.

“ಆಡ್ಲಿ ಬಿಡಪಾ” ಎಂದೆ ನಿಮ್ಮಪ್ಪನಿಗೆ.

“ಯವ್ವಾ, ದೊಡ್ಡ ದೊಡ್ಡ ಹುಡುಗ್ಯಾರದಾವು. ಮೂಗು ಒಡಕೊಂಡ್ರ?”

“ಒಡಕೊಂಡ್ರ ನೀ ಹೇಳಿದಂಗ ಅಂಗಿ ಅಟ್ಟಕ್ಕ ಹಾಕು. ನಾನ ಏಣಿ ಹಿಡೀತೇನಿ.”

ನಾನು ಹೊರಗಿನವರ ಮುಂದೆ ಇಷ್ಟು ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಾಬರಿಗೇ ಒಪ್ಪಿದ ಎಂದು ಕಾಣುತ್ತದೆ.

ಎದುರಾಳಿ ರಾಣೆಬೆನ್ನೂರಿನದೇ ಹುಡುಗಿ. ಹೆಗಲು ಅಗಲ, ಮೀನಖಂಡ ಗಟ್ಟಿ. ಯಾರ ಮನೆಯವಳೋ, ಹೊಟ್ಟೆ ತುಂಬ ಉಣಿಸಿದ್ದರು. ಅವಳನ್ನು ನೋಡಿ ಹೆದರಿಕೆಯ ಜೊತೆಗೆ ಸಂತೋಷವೂ ಆಯಿತು. ಆಟ ಶುರುವಾದ ಕೂಡಲೇ ಆ ಹುಡುಗಿಯ ಗುದ್ದು ಮುಖದ ಕಡೆ ಬಂತು. ದೊಡ್ಡವಳು ಕಣ್ಣು ಮುಚ್ಚಿದಳು. ಕೆನ್ನೆಗೆ ತಾಕಿತು, ಎದುರಿನವಳಿಗೆ ಅಂಕ. ಮಾಸ್ತರರು, ‘ನೋಡ್ರಿ, ನಾ ಹೇಳಿದ್ದಿಲ್ಲ?’ ಎಂದು ಪಕ್ಕದವರಿಗೆ ಹೇಳಿದರು. ಶಿಷ್ಯೆ ಸೋತರೂ ತಮ್ಮ ಮಾತು ಗೆದ್ದಿತು ಎಂಬ ಸಮಾಧಾನ ಆ ಮುಖದಲ್ಲಿ ಕಂಡಿತು.

ಎರಡನೆಯ ಗುದ್ದಿಗೆ ಅವಳ ರೆಪ್ಪೆ ಅದುರಿತು. ಮೂರನೆಯದಕ್ಕೆ ಅದುರಲಿಲ್ಲ. ನಾನು ಹಿತ್ತಲಿನಲ್ಲಿ ನೋಡಿದ್ದ ಮುಖ ಅಲ್ಲಿ ಬಂತು. ದೊಡ್ಡ ಕಣ್ಣು ಬಿಟ್ಟುಕೊಂಡು, ಎದುರಿನವಳ ಕೈ ನೋಡದೆ, ಹೆಗಲು ಸೊಂಟ ನೋಡುತ್ತ ಅರ್ಧ ಹೆಜ್ಜೆ ಸರಿದಳು. ಗುದ್ದು ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಆ ಕೈ ಹಿಂದೆ ಹೋಗುವ ಮೊದಲೇ ಇವಳ ಮುಷ್ಟಿ ಅವಳ ಎದೆ ಮುಟ್ಟಿ ಬಂದಿತ್ತು. ಇವಳಿಗೆ ಅಂಕ. ಮತ್ತೆ ಹಾಗೇ ಒಂದು. ಮಾಸ್ತರರು, ‘ಕಾಲು! ಕಾಲು ಎತ್ತು!’ ಎಂದು ಒದರುತ್ತಿದ್ದರು. ಅವಳು ಕೇಳಿಸಿಕೊಳ್ಳದೆ ಹೋದದ್ದರಿಂದ ಒಳ್ಳೆಯದಾಯಿತು.

ಗೆದ್ದಳು ಎಂದು ಬರೆದರೆ ನಿಮಗೆ ಖುಷಿ. ಸೋತಳು. ಕೊನೆಗೆ ಆ ಹುಡುಗಿಗೆ ಒಂದು ಅಂಕ ಹೆಚ್ಚು. ಆದರೆ ಮೂಗು ಒಣಗಿತ್ತು, ಅಂಗಿ ಬೆಳ್ಳಗಿತ್ತು. ಎದುರಿನ ಹುಡುಗಿಯೇ ಬಂದು, ‘ನೀ ಕಣ್ಣಾ ಪಿಳುಕಿಸೂದಿಲ್ಲಲ್ಲ ಮಾರಾಯ್ತಿ, ನನಗ ಅಂಜಿಕಿ ಬಂತು’ ಎಂದು ಇವಳ ಕೈ ಹಿಡಿದಳು. ಅಷ್ಟು ಹೊತ್ತಿಗೆ ಮಾಸ್ತರರು ಫೋನು ತೆಗೆದು ದೊಡ್ಡವಳ ಹೆಗಲ ಮೇಲೆ ಕೈ ಹಾಕಿ ಫೋಟೋ ಹೊಡೆಸಿಕೊಂಡರು. ಮೇಲಿನ ತೂಕದಲ್ಲಿ ಧೈರ್ಯವಾಗಿ ಆಡಿಸಿದ್ದು ತಮ್ಮದೇ ಲೆಕ್ಕಾಚಾರ ಎಂದು ಸ್ಟೇಟಸ್ಸಿನಲ್ಲಿ ಹಾಕಿದ್ದು ನೀವೂ ನೋಡಿದ್ದೀರಿ. ಆ ಫೋಟೋದ ಮೂಲೆಯಲ್ಲಿ ಒಂದು ಕಂಬ ಇದೆ. ಅದರ ಪಕ್ಕ ಕಾಣುವ ಸೆರಗು ನನ್ನದು.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ನಮ್ಮ ಮುಂದಿನ ಸೀಟಿನಲ್ಲೇ ಕುಳಿತ. ಮೋಟೆಬೆನ್ನೂರು ಬಂದಾಗ ತಿರುಗದೆಯೇ ಕೇಳಿದ:

“ಸೋಮವಾರ ಕ್ಲಾಸು ಎಷ್ಟಕ್ಕ?”

“ಸರ್ ಬರಬ್ಯಾಡ ಅಂದಾರಲ್ಲಪ್ಪಾ” ಎಂದಳು ದೊಡ್ಡವಳು.

“ಫೋಟೋ ತಗಸ್ಕೊಂಡಾರಲ್ಲ, ಇನ್ನ ಹೆಂಗ ಬ್ಯಾಡಂತಾರ?”

ನನ್ನ ಮಗನಿಗೂ ಲೋಕಜ್ಞಾನ ಇದೆ ಎಂದು ನನಗೆ ಅವತ್ತು ಗೊತ್ತಾಯಿತು.

ಸೋಮವಾರ ಅವಳು ಕ್ಲಾಸಿಗೆ ಹೋದಳು, ಯಾರೂ ಬೇಡ ಎನ್ನಲಿಲ್ಲ. ಬುಧವಾರ ಕ್ಲಾಸೇ ನಮ್ಮ ಹಿತ್ತಲಿಗೆ ಬಂತು. ಮಾಸ್ತರರು ನಾಲ್ಕು ಹುಡುಗಿಯರನ್ನು ಕರೆದುಕೊಂಡು ಬಂದು, ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತರು.

“ಅಜ್ಜೀರ, ನೀವು ಏನೋ ತೊಟ್ಟು ಎಸಿತೀರಂತಲ್ಲ. ಅದಕ್ಕ ರಿಫ್ಲೆಕ್ಸ್ ಡ್ರಿಲ್ ಅಂತಾರ್ರಿ. ನಾನೂ ಶುರು ಮಾಡಬೇಕಂತನ ಇದ್ದೆ. ಈ ಹುಡುಗ್ಯಾರಿಗೂ ಒಂದೀಟ ತೋರಿಸ್ರಿ.”

ನನ್ನ ಮಾತು ರಾಣೆಬೆನ್ನೂರಿನಲ್ಲೇ ಖರ್ಚಾಗಿ ಹೋಗಿತ್ತು. ಒಂದು ಮಾರು ದೂರದ ಜಾಗವನ್ನು ಬೆರಳಿನಿಂದ ತೋರಿಸಿದೆ. ಹುಡುಗಿಯರು ಮುಂದೆ ಬರಹೋದರು, ತಡೆದು ಮಾಸ್ತರರನ್ನೇ ಕೈಸನ್ನೆ ಮಾಡಿ ಕರೆದೆ. ಮೊದಲು ಗುರು ಕಲಿಯಬೇಕು, ಅದು ಗರಡಿಯ ಪದ್ಧತಿ. ಅವರು ನಗುತ್ತ ಬಂದು, ಬೆಲ್ಟ್ ಸರಿಮಾಡಿಕೊಂಡು, ಎದೆ ಮುಂದೆ ಮಾಡಿ ನಿಂತರು. ಕಪ್ಪು ಬೆಲ್ಟ್, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ರಾಶಿಯಲ್ಲಿ ಹುಡುಕಿ ಎಲ್ಲಕ್ಕಿಂತ ಸಣ್ಣ ತೊಟ್ಟು ತೆಗೆದು, ನಿಧಾನವಾಗಿ, ಕಾಣುವ ಹಾಗೆ ಎಸೆದೆ.

ಮುಚ್ಚಿದರು.

“ಇನ್ನೊಮ್ಮೆ ಒಗೀರಿ ಅಜ್ಜೀರ, ಅದು ಗಾಳಿಗೆ ಆತು” ಎಂದರು. ಹಿತ್ತಲಿನಲ್ಲಿ ಎಲೆ ಕೂಡ ಅಲುಗುತ್ತಿರಲಿಲ್ಲ. ದೊಡ್ಡವಳು ತೊಟ್ಟಿನ ಬುಟ್ಟಿಯನ್ನು ನನ್ನ ಕೈಗೆ ಎಟಕುವಂತೆ ಹತ್ತಿರ ಸರಿಸಿದಳು.